ಬೀರುವಿನಿಂದ ಮೋಡಕ್ಕೆ: ನಮ್ಮ ಶಾಲೆಗಳ ದಾಖಲೆಯೂ ಪಾಠವೂ ಸಾಗಿ ಬಂದ ದಾರಿ

ನಮ್ಮ ಬಯಲುಸೀಮೆಯವರಿಗೆ ಮೋಡದ ಮೇಲೆ ಅಷ್ಟಾಗಿ ನಂಬಿಕೆ ಇಲ್ಲ. ನಂದಿಬೆಟ್ಟದ ಕಡೆಯಿಂದ ಕಪ್ಪಾಗಿ ಕಟ್ಟುತ್ತದೆ, ರಾಗಿ ಹೊಲದವರು ತಲೆ ಎತ್ತಿ ನೋಡುತ್ತಾರೆ, ಗಾಳಿ ಬಂದು ಎತ್ತಲೋ ಹೊತ್ತುಕೊಂಡು ಹೋಗುತ್ತದೆ. ಹೀಗಿರುವಾಗ ಮಕ್ಕಳ ಅಂಕಪಟ್ಟಿ, ಮೇಷ್ಟ್ರ ಸಂಬಳದ ಲೆಕ್ಕ, ಪಾಠದ ವಿಡಿಯೋ ಎಲ್ಲವೂ ಈಗ ‘ಕ್ಲೌಡ್’ನಲ್ಲಿ ಅಂದರೆ ಮೋಡದಲ್ಲಿ ಇವೆ ಎಂದರೆ ಊರಿನ ಹಿರಿಯರು ನಕ್ಕರೆ ತಪ್ಪಿಲ್ಲ. ಮೊದಲೇ ಹೇಳಿಬಿಡುತ್ತೇನೆ: ಆಕಾಶದಲ್ಲಿ ಏನೂ ಇಲ್ಲ. ಟೆಲಿಫೋನ್ ಜಾಲದ ನಕ್ಷೆ ಬರೆಯುವ ಎಂಜಿನಿಯರುಗಳು, ನಡುವೆ ತಮಗೆ ವಿವರ ಬೇಡವಾದ ಭಾಗವನ್ನು ಮೋಡದ ಆಕಾರದಲ್ಲಿ ಗೀಚಿಬಿಡುತ್ತಿದ್ದರು. ‘ಇದರೊಳಗೆ ಏನಾಗುತ್ತದೋ ನಮಗೆ ಬೇಡ, ಈ ಕಡೆಯಿಂದ ಹೋಗಿ ಆ ಕಡೆ ಬರುತ್ತದೆ’ ಎಂಬುದು ಅದರ ಅರ್ಥ. ಆ ಗೀಚೇ ಹೆಸರಾಗಿ ಉಳಿಯಿತು. ನಿಜವಾಗಿ ಅದು ಮುಂಬಯಿಯಲ್ಲೋ ಹೈದರಾಬಾದಿನಲ್ಲೋ ಇರುವ, ಹಗಲಿರುಳು ತಣ್ಣಗಿಟ್ಟ, ಸಾವಿರಾರು ಕಂಪ್ಯೂಟರುಗಳ ಒಂದು ಕಟ್ಟಡ.

ನಮ್ಮೂರಿನ ಭಾಷೆಯಲ್ಲಿ ಹೇಳುವುದಾದರೆ ಇದು ರಾಗಿ ಮಿಷನ್ನಿನ ವ್ಯವಹಾರ. ನಮ್ಮ ಅಜ್ಜಿಯರ ಕಾಲದಲ್ಲಿ ಮನೆಗೊಂದು ಬೀಸುವ ಕಲ್ಲು. ಬೆಳಗಿನ ಜಾವ ಎದ್ದು ಬೀಸಬೇಕು, ಕಲ್ಲು ಸವೆದರೆ ಮುಳ್ಳು ಹೊಡೆಸಬೇಕು, ನೆಂಟರು ಹೆಚ್ಚು ಬಂದರೆ ಹಿಟ್ಟು ಸಾಲದು. ಮಿಷನ್ ಬಂದ ಮೇಲೆ ರಾಗಿ ಹೊತ್ತುಕೊಂಡು ಹೋಗುತ್ತೇವೆ, ಬೀಸಿಸಿದಷ್ಟಕ್ಕೆ ಮಾತ್ರ ಕೊಡುತ್ತೇವೆ. ಹಬ್ಬಕ್ಕೆ ಹತ್ತು ಸೇರು, ಉಳಿದ ದಿನ ಎರಡು ಸೇರು. ಮೋಟಾರು ಸುಟ್ಟರೆ ಚಿಂತೆ ಮಿಷನ್ನಿನವರದು. ಕ್ಲೌಡ್ ಎಂದರೆ ಇಷ್ಟೇ: ಕಂಪ್ಯೂಟರಿನ ಬಲವನ್ನು ಕೊಂಡಿಟ್ಟುಕೊಳ್ಳದೆ, ಬಳಸಿದಷ್ಟಕ್ಕೆ ಬಾಡಿಗೆ ಕೊಡುವುದು. ಮಿಷನ್ ಬಂದ ಮೇಲೆ ಬೀಸುವ ಕಲ್ಲನ್ನು ಹಿತ್ತಲಿಗೆ ಹಾಕಿದ್ದೂ ನಿಜ, ಕರೆಂಟ್ ಹೋದ ದಿನ ಹಿಟ್ಟಿಲ್ಲದೆ ಕೂತದ್ದೂ ನಿಜ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈ ಯೋಚನೆ ಹೊಸದಲ್ಲ. 1961ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯ ಶತಮಾನೋತ್ಸವದಲ್ಲಿ ಜಾನ್ ಮೆಕಾರ್ಥಿ ಎಂಬ ಕಂಪ್ಯೂಟರ್ ವಿಜ್ಞಾನಿ, ಮುಂದೊಂದು ದಿನ ಟೆಲಿಫೋನಿನಂತೆ ಕಂಪ್ಯೂಟರ್ ಸೇವೆಯೂ ಸಾರ್ವಜನಿಕ ಸೌಕರ್ಯವಾಗಬಹುದು ಎಂದು ಹೇಳಿದ್ದರು. ವಿದ್ಯುತ್ತಿನಲ್ಲಿ ಇಂಥದ್ದನ್ನು ನಮ್ಮ ಮೈಸೂರು ಸಂಸ್ಥಾನ ಅದಕ್ಕೂ 59 ವರ್ಷ ಮೊದಲೇ ಕಂಡಿತ್ತು. ಉಗಿ ಎಂಜಿನ್ನುಗಳನ್ನು ನಂಬಿದ್ದ ಕೋಲಾರದ ಚಿನ್ನದ ಗಣಿಗೆ 1902ರಲ್ಲಿ ಶಿವನಸಮುದ್ರದಿಂದ ತಂತಿಯ ಮೇಲೆ ಕರೆಂಟ್ ಬಂತು, 1905ರಲ್ಲಿ ಬೆಂಗಳೂರಿನ ಬೀದಿ ದೀಪ ಹೊತ್ತಿತು. ಶಕ್ತಿ ಹುಟ್ಟುವ ಜಾಗ ಒಂದು ಕಡೆ, ಬಳಸುವ ಜಾಗ ಇನ್ನೊಂದು ಕಡೆ. ಕಂಪ್ಯೂಟರಿನಲ್ಲಿ ಇದು ಜನಸಾಮಾನ್ಯರ ವ್ಯಾಪಾರವಾದದ್ದು 2006ರಲ್ಲಿ. ಪುಸ್ತಕ ಮಾರುವ ಕಂಪನಿ ಎಂದು ಹೆಸರಾಗಿದ್ದ ಅಮೆಜಾನ್ ಆ ಮಾರ್ಚ್‌ನಲ್ಲಿ ಮಾಹಿತಿ ಇಟ್ಟುಕೊಳ್ಳುವ ಜಾಗವನ್ನೂ, ಆಗಸ್ಟ್‌ನಲ್ಲಿ ಕಂಪ್ಯೂಟರುಗಳನ್ನೂ ಬಾಡಿಗೆಗೆ ಬಿಟ್ಟಿತು.

ದೊಡ್ಡಬಳ್ಳಾಪುರದ ನೇಕಾರರ ಮಕ್ಕಳಿಗಾಗಿ ಇನ್ನೊಂದು ಮಾತು ಸೇರಿಸದೆ ಮುಂದೆ ಹೋಗಲು ಮನಸ್ಸಿಲ್ಲ. ಸೀರೆಯ ಅಂಚಿಗೆ ಹೂವು, ನವಿಲು ಬರಬೇಕಾದರೆ ಮಗ್ಗದ ತಲೆಯ ಮೇಲೆ ಜಕಾರ್ಡ್ ಪೆಟ್ಟಿಗೆ, ಅದಕ್ಕೆ ರಂಧ್ರ ಹೊಡೆದ ರಟ್ಟಿನ ಕಾರ್ಡುಗಳ ಉದ್ದನೆಯ ಸರ ಇರುತ್ತಿತ್ತಲ್ಲ, ಜಗತ್ತಿನ ಕಂಪ್ಯೂಟರಿನ ವಂಶಾವಳಿ ಅಲ್ಲಿಂದಲೇ ಹೊರಡುತ್ತದೆ. ಫ್ರಾನ್ಸಿನ ಜಕಾರ್ಡ್ ಎಂಬಾತ 1804ರ ಹೊತ್ತಿಗೆ ರೂಪಿಸಿದ ಮಗ್ಗವನ್ನು ನೋಡಿ ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೂ ರಂಧ್ರದ ಕಾರ್ಡನ್ನೇ ಆರಿಸಿದ. ಅಮೆರಿಕದವರು 1890ರ ಜನಗಣತಿಯನ್ನು ರಂಧ್ರದ ಕಾರ್ಡಿನಲ್ಲೇ ಎಣಿಸಿದರು. ರಂಧ್ರ ಇದ್ದರೆ ಎಳೆ ಎದ್ದಿತು, ಇಲ್ಲದಿದ್ದರೆ ಇಲ್ಲ. ಒಂದು ಮತ್ತು ಸೊನ್ನೆ. ಡಿಸೈನ್ ಬೇರೆ, ಮಗ್ಗ ಬೇರೆ ಎಂಬುದನ್ನು ನಮ್ಮ ಊರಿನ ನೇಕಾರರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಕಾರ್ಡಿನ ಸರ ಬಿಚ್ಚಿ ಇನ್ನೊಂದು ಮಗ್ಗಕ್ಕೆ ಹಾಕಿದರೆ ಅದೇ ನವಿಲು ಅಲ್ಲೂ ಬರುತ್ತದೆ. ಸಾಫ್ಟ್‌ವೇರ್ ಎಂಬ ಪದವನ್ನು ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ ಮೊದಲೇ ನಾನು ಕಿವಿ ಗಡಚಿಕ್ಕುವ ಸದ್ದಿನ ನಡುವೆ ಅದನ್ನು ನೋಡಿದ್ದೆ, ಗೊತ್ತಿರಲಿಲ್ಲ ಅಷ್ಟೆ.

ಈಗ ಶಾಲೆಯ ವಿಷಯ. ನಮ್ಮ ಶಾಲೆ ಶುರುವಾದಾಗ ಬೆಂಗಳೂರು ಗ್ರಾಮಾಂತರ ಎಂಬ ಜಿಲ್ಲೆಯೇ ಇರಲಿಲ್ಲ. ಅದು ಬಂದದ್ದು 1986ರಲ್ಲಿ. ಆಗ ಶಾಲೆಯ ಇಡೀ ನೆನಪು ಒಂದು ಕಬ್ಬಿಣದ ಬೀರುವಿನಲ್ಲಿತ್ತು. ಪ್ರವೇಶ ದಾಖಲಾತಿ ವಹಿ, ಹಾಜರಿ ಪುಸ್ತಕ, ಅಂಕವಹಿ, ಟಿ.ಸಿ. ಪುಸ್ತಕದ ಅರ್ಧ ಹಾಳೆಗಳು. ಇವುಗಳಲ್ಲಿ ಪ್ರವೇಶ ದಾಖಲಾತಿ ವಹಿಯ ತೂಕವೇ ಬೇರೆ. ಜನನ ಪ್ರಮಾಣಪತ್ರ ಮಾಡಿಸುವ ರೂಢಿ ಇಲ್ಲದ ಕಾಲದಲ್ಲಿ ಒಬ್ಬ ಮನುಷ್ಯ ಹುಟ್ಟಿದ ದಿನಕ್ಕೆ ಅದೇ ಸಾಕ್ಷಿ. ಕೆಲಸಕ್ಕೆ ಸೇರಲು, ಪಾಸ್‌ಪೋರ್ಟ್ ಮಾಡಿಸಲು, ಜಾತಿ ಪ್ರಮಾಣಪತ್ರಕ್ಕೆ, ಪಿಂಚಣಿಗೆ, ಕೋರ್ಟಿನ ವ್ಯಾಜ್ಯಕ್ಕೂ ಜನ ಇಂದಿಗೂ ಅದೇ ವಹಿಯ ನಕಲು ಕೇಳಿಕೊಂಡು ಬರುತ್ತಾರೆ. ಗೆದ್ದಲು ಹಿಡಿದರೆ, ಸೋರುವ ಹೆಂಚಿನಿಂದ ನೀರು ಬಿದ್ದರೆ ಹೋದದ್ದು ಹೋಯಿತು. ಎರಡನೇ ಪ್ರತಿ ಇಲ್ಲ.

ಆ ವಹಿ ತೆರೆದು ನೋಡಿದವರಿಗೆ ಒಂದು ತಮಾಷೆ ಕಾಣುತ್ತದೆ. ನಮ್ಮ ಸೀಮೆಯಲ್ಲಿ ಜೂನ್ 1ಕ್ಕೆ ಹುಟ್ಟಿದವರು ವಿಪರೀತ. ತಂದೆತಾಯಿ ‘ಗೌರಿಹಬ್ಬದ ಆಜುಬಾಜು ಹುಟ್ಟಿದ್ದು ಸಾರ್’ ಎನ್ನುತ್ತಿದ್ದರು, ಶಾಲೆ ಶುರುವಾಗುವುದು ಜೂನ್‌ನಲ್ಲಿ, ಮೇಷ್ಟ್ರು ವಯಸ್ಸು ಕೂಡುವಂತೆ ಜೂನ್ 1 ಎಂದು ಬರೆದು ಮುಗಿಸುತ್ತಿದ್ದರು. ಅಂದು ಮಗುವನ್ನು ಶಾಲೆಗೆ ಸೇರಿಸಿಕೊಳ್ಳಲು ಮಾಡಿದ ಉಪಕಾರ ಅದು. ಇಂದು ಆ ದಿನಾಂಕವೇ ಆಧಾರ್‌ನಿಂದ ಹಿಡಿದು ನಿವೃತ್ತಿಯ ಆದೇಶದವರೆಗೆ ನಕಲಾಗುತ್ತ ಹೋಗಿದೆ. ಕಂಪ್ಯೂಟರ್ ಬುದ್ಧಿವಂತ ಎನ್ನುವವರು ಇದನ್ನು ನೆನಪಿಡಬೇಕು. ಬರೆದದ್ದನ್ನು ಅದು ನಿಷ್ಠೆಯಿಂದ ಕಾಪಾಡುತ್ತದೆ, ಸರಿಯೋ ತಪ್ಪೋ ಕೇಳುವುದಿಲ್ಲ.

ಶಾಲೆಯ ಮಾಹಿತಿ ಇಲಾಖೆಗೆ ಹೋಗುತ್ತಿದ್ದದ್ದು ತಃಖ್ತೆಯ ರೂಪದಲ್ಲಿ. ಹಾಜರಿ ಎಷ್ಟು, ಪರಿಶಿಷ್ಟ ಜಾತಿ ಮಕ್ಕಳೆಷ್ಟು, ಹೆಣ್ಣುಮಕ್ಕಳೆಷ್ಟು, ಬೆಂಚು ಎಷ್ಟು ಎಂದು ಗೆರೆ ಎಳೆದು ಬರೆದು, ಬಸ್ ಹತ್ತಿ ತಾಲ್ಲೂಕು ಕೇಂದ್ರದ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ಕೊಟ್ಟು ಬರಬೇಕು. ಹೋದ ಮೇಷ್ಟ್ರ ಅಂದಿನ ಪಾಠ ಹೋಯಿತು. ಅದೇ ಅಂಕಿಗಳನ್ನು ತಿಂಗಳ ನಂತರ ಇನ್ನೊಂದು ನಮೂನೆಯಲ್ಲಿ ಮತ್ತೆ ಕೇಳುತ್ತಿದ್ದರು.

ಹಳ್ಳಿಯ ಜನ ‘ದಾಖಲೆ ಕಂಪ್ಯೂಟರಿಗೆ ಹೋಯಿತು’ ಎಂಬ ಮಾತು ಮೊದಲು ಕೇಳಿದ್ದು ಶಾಲೆಯಿಂದಲ್ಲ, ಪಹಣಿಯಿಂದ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯಡಿ ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ಗ್ರಾಮಲೆಕ್ಕಿಗರ ಕೈಬರಹದ ಬದಲು ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಅಚ್ಚಾದ ಪಹಣಿ. ಗಮನಿಸಬೇಕಾದ್ದು ಇದು: ಆರಂಭದಲ್ಲಿ ದೊಡ್ಡಬಳ್ಳಾಪುರದ ಪಹಣಿ ಬೇಕಾದರೆ ದೊಡ್ಡಬಳ್ಳಾಪುರಕ್ಕೇ ಹೋಗಬೇಕಿತ್ತು, ಏಕೆಂದರೆ ಮಾಹಿತಿ ಕೂತಿದ್ದ ಕಂಪ್ಯೂಟರ್ ಆ ತಾಲ್ಲೂಕು ಕಚೇರಿಯಲ್ಲಿತ್ತು. ಆಮೇಲೆ ತಾಲ್ಲೂಕುಗಳ ಮಾಹಿತಿ ರಾಜ್ಯದ ದತ್ತಾಂಶ ಕೇಂದ್ರಕ್ಕೆ ಸೇರಿತು, ಪಹಣಿ ಎಲ್ಲಿಂದ ಬೇಕಾದರೂ ಸಿಗುವಂತಾಯಿತು. ಕಂಪ್ಯೂಟರೀಕರಣಕ್ಕೂ ಕ್ಲೌಡ್‌ಗೂ ಇರುವ ವ್ಯತ್ಯಾಸವನ್ನು ಇದಕ್ಕಿಂತ ಚೆನ್ನಾಗಿ ಹೇಳುವ ಉದಾಹರಣೆ ನನಗೆ ಸಿಕ್ಕಿಲ್ಲ. ಶಾಲೆಗಳು ಈ ಎರಡನೇ ಹೆಜ್ಜೆ ಇಡಲು ಇನ್ನೂ ಹದಿನೈದು ವರ್ಷ ಹಿಡಿಯಿತು.

ನಾನು ಎಂಟನೇ ತರಗತಿಗೆ ಸೇರಿದ ಹೊತ್ತಿಗೆ ರಾಜ್ಯದ ಸರ್ಕಾರಿ ಪ್ರೌಢಶಾಲೆಗಳಿಗೆ ‘ಮಾಹಿತಿ ಸಿಂಧು’ ಎಂಬ ಹೆಸರಿನಲ್ಲಿ ಕಂಪ್ಯೂಟರ್ ಶಿಕ್ಷಣ ಬಂದಿತ್ತು. ಸುಮಾರು ಒಂದು ಸಾವಿರ ಶಾಲೆಗಳು ಅದರಲ್ಲಿದ್ದವು. ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಹೋದಂತೆ ಹೋಗುತ್ತಿದ್ದೆವು. ಒಂದು ಕಂಪ್ಯೂಟರಿಗೆ ನಾಲ್ಕೈದು ಜನ. ಒಬ್ಬ ಮೌಸ್ ಹಿಡಿದರೆ ಉಳಿದವರು ಅವನ ಹೆಗಲ ಮೇಲೆ. ಪೇಂಟ್‌ನಲ್ಲಿ ಮನೆ, ತೆಂಗಿನಮರ, ಎರಡು ಬೆಟ್ಟದ ನಡುವೆ ಸೂರ್ಯ ಬರೆದು ಫ್ಲಾಪಿಯಲ್ಲಿ ಉಳಿಸಿ, ಮುಂದಿನ ವಾರ ತೆಗೆದರೆ ಫ್ಲಾಪಿ ಓದುತ್ತಿರಲಿಲ್ಲ. ಆದರೂ ನಮ್ಮ ತಂಡದ ಎಷ್ಟೋ ಹುಡುಗ ಹುಡುಗಿಯರಿಗೆ ಆ ಕೋಣೆಯೇ ಮುಂದಿನ ದಾರಿ ತೋರಿಸಿತು, ನನಗೂ. ಆದರೆ ಶಾಲೆಯೊಳಗೇ ಯಂತ್ರ ಇಟ್ಟುಕೊಳ್ಳುವ ಆ ಪದ್ಧತಿಯ ಮಿತಿಯೂ ಅಲ್ಲೇ ಕಾಣುತ್ತಿತ್ತು: ಯುಪಿಎಸ್ ಬ್ಯಾಟರಿ ಎರಡು ಮೂರು ವರ್ಷಕ್ಕೆ ಸಾಯುತ್ತದೆ, ಹಾರ್ಡ್ ಡಿಸ್ಕ್ ಧೂಳಿಗೆ ಕೆಡುತ್ತದೆ, ರಿಪೇರಿಗೆ ಬೆಂಗಳೂರಿನಿಂದ ಜನ ಬರಬೇಕು, ಒಂದು ಶಾಲೆಯ ಕಂಪ್ಯೂಟರಿನಲ್ಲಿ ಮೇಷ್ಟ್ರು ಮಾಡಿದ ಒಳ್ಳೆಯ ಪಾಠ ಪಕ್ಕದೂರಿನ ಶಾಲೆಗೆ ತಲುಪುವುದಿಲ್ಲ.

ಆ ಕೊನೆಯ ತೊಡಕನ್ನು ಮೇಲಿನಿಂದ ಬಿಡಿಸಲು ಇಸ್ರೋ ನೋಡಿತು. 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟಾದಿಂದ ಹಾರಿದ ಎಜುಸ್ಯಾಟ್, ಶಿಕ್ಷಣಕ್ಕೆಂದೇ ಮಾಡಿದ ಭಾರತದ ಮೊದಲ ಉಪಗ್ರಹ. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳಲ್ಲೂ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ಅದರ ಪಾಠಗಳು ನಡೆದವು. ಒಳ್ಳೆಯ ಕೆಲಸವೇ. ಆದರೆ ಅದು ರೇಡಿಯೋ ಇದ್ದಂತೆ. ಪಾಠ ಬರುವ ಹೊತ್ತಿಗೆ ಮಕ್ಕಳು ಕೂತಿರಬೇಕು, ಕರೆಂಟ್ ಇರಬೇಕು. ತಪ್ಪಿದರೆ ತಪ್ಪಿತು.

ಇದರ ನಡುವೆ ಕನ್ನಡದ್ದೇ ಒಂದು ಗಂಟು ಇತ್ತು. ಹೊರಗಿನವರು ಬರೆದ ಕ್ಲೌಡ್ ಚರಿತ್ರೆಗಳಲ್ಲಿ ಇದು ಕಾಣುವುದಿಲ್ಲ. 1998ರಲ್ಲಿ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂದವು. ಶಾಲೆಗಳಲ್ಲಿ ಪ್ರಶ್ನೆಪತ್ರಿಕೆ, ಸುತ್ತೋಲೆ ಎಲ್ಲ ನುಡಿಯಲ್ಲಿ ಟೈಪಾದವು, ಕೆ. ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಿಂದ ಟೈಪ್ ಮಾಡುವುದೂ ಸುಲಭವಾಯಿತು. ಆದರೆ ಆ ಹಳೆಯ ಅಕ್ಷರಗಳು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಮೇಲೆ ಕನ್ನಡದ ಮುಖವಾಡ ಹಾಕಿದಂಥವು. ನೋಡುವ ಕಂಪ್ಯೂಟರಿನಲ್ಲಿ ಅದೇ ಫಾಂಟ್ ಇಲ್ಲದಿದ್ದರೆ ‘ಶಾಲೆ’ ಎಂಬ ಪದ ಅರ್ಥವಿಲ್ಲದ ಗೀಟುಗಳಾಗಿ ಕಾಣುತ್ತಿತ್ತು. ಮೇಲ್ ಮಾಡಿದರೆ ಓದಲಾಗದು, ಹುಡುಕಿದರೆ ಸಿಗದು. ಪ್ರತಿ ಭಾಷೆಯ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ ಕೊಡುವ ಯೂನಿಕೋಡ್ ಆಗಲೇ ಇತ್ತು, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟೂ ಬಂದಿತ್ತು. ಕಚೇರಿಗಳ ಅಭ್ಯಾಸ ಬದಲಾಗಲು ಮಾತ್ರ ಬಹಳ ವರ್ಷ ಬೇಕಾಯಿತು. ಮೊಬೈಲಿನಲ್ಲಿ ಕನ್ನಡ ಸರಿಯಾಗಿ ಮೂಡಲು ಶುರುವಾದ ಮೇಲೆಯೇ ನಮ್ಮ ಮೇಷ್ಟ್ರುಗಳಿಗೆ ಕ್ಲೌಡ್ ನಿಜವಾಗಿ ತೆರೆದದ್ದು ಎಂದು ನನ್ನ ಅನಿಸಿಕೆ. ಇಂಗ್ಲಿಷ್ ಬಲ್ಲವರಿಗೆ ಹತ್ತು ವರ್ಷ ಮೊದಲೇ ತೆರೆದಿತ್ತು.

ಕರ್ನಾಟಕದ ಪ್ರೌಢಶಾಲಾ ಶಿಕ್ಷಕರು ಈ ತಂತ್ರಜ್ಞಾನವನ್ನು ತಮ್ಮ ಕೈಗೆ ತೆಗೆದುಕೊಂಡ ಕತೆ ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. 2011ರ ನಂತರದ ವರ್ಷಗಳಲ್ಲಿ ಡಿಎಸ್‌ಇಆರ್‌ಟಿ ಹಾಗೂ ರಾಷ್ಟ್ರೀಯ ಮಾಧ್ಯಮಿಕ ಶಿಕ್ಷಣ ಅಭಿಯಾನದವರು, ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯ ಜೊತೆ ಸೇರಿ ‘ವಿಷಯ ಶಿಕ್ಷಕರ ವೇದಿಕೆ’ ಎಂಬುದನ್ನು ಕಟ್ಟಿದರು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ತರಬೇತಿ ಕೊಟ್ಟು, ಇಮೇಲ್ ಮಾಡಿಸಿ, ಒಂದೇ ಇಮೇಲ್ ಗುಂಪಿಗೆ ಸೇರಿಸಿದರು. ಸಾವಿರಾರು ಶಿಕ್ಷಕರು ಅದರಲ್ಲಿದ್ದರು. ಒಂದು ಹಳ್ಳಿಯ ಶಾಲೆಯಲ್ಲಿ ಗಣಿತಕ್ಕೆ ಒಬ್ಬರೇ ಮೇಷ್ಟ್ರು ಇರುತ್ತಾರೆ. ಒಂದು ಪ್ರಮೇಯ ಹೇಗೆ ಹೇಳಿದರೆ ಮಕ್ಕಳಿಗೆ ಹಿಡಿಸುತ್ತದೆ ಎಂದು ಕೇಳಲು ಸ್ಟಾಫ್‌ರೂಮಿನಲ್ಲಿ ಇನ್ನೊಬ್ಬ ಗಣಿತದವರಿಲ್ಲ. ಆ ಗುಂಪಿನಲ್ಲಿ ನೆಲಮಂಗಲದವರು ಕೇಳಿದರೆ ಯಾದಗಿರಿಯವರು ಉತ್ತರ ಕೊಡಬಹುದಾಗಿತ್ತು. ಹೊಸ ಪಠ್ಯಪುಸ್ತಕ ಬಂದಾಗ ಮಾದರಿ ಪ್ರಶ್ನೆಪತ್ರಿಕೆ, ಘಟಕ ಯೋಜನೆ, ಜಿಯೋಜೀಬ್ರಾದಲ್ಲಿ ಮಾಡಿದ ತ್ರಿಕೋನಗಳು ಆ ಕೈಯಿಂದ ಈ ಕೈಗೆ ಓಡಾಡಿದವು. ವಿಕಿಪೀಡಿಯ ನಡೆಯುವ ಅದೇ ತಂತ್ರಾಂಶದ ಮೇಲೆ ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳು’ ಎಂಬ ಜಾಲತಾಣ ಕಟ್ಟಿ, ಶಿಕ್ಷಕರೇ ಅದರಲ್ಲಿ ಪಾಠ ಬರೆದರು. ಬಳಸಿದ್ದೂ ಹೆಚ್ಚಿನ ಮಟ್ಟಿಗೆ ದುಡ್ಡು ಕೊಡಬೇಕಿಲ್ಲದ ಉಬುಂಟು, ಮುಕ್ತ ತಂತ್ರಾಂಶಗಳು. ಯಾರೂ ಅದನ್ನು ಕ್ಲೌಡ್ ಎಂದು ಕರೆಯಲಿಲ್ಲ. ಆದರೆ ಬೇರೆಲ್ಲೋ ಇರುವ ಕಂಪ್ಯೂಟರನ್ನು ನಡುವೆ ಇಟ್ಟುಕೊಂಡು ಸಾವಿರಾರು ಶಾಲೆಗಳು ಒಂದು ಸ್ಟಾಫ್‌ರೂಮ್ ಆದದ್ದು ಅದೇ ಮೊದಲು. ಮೇಲಿನಿಂದ ಇಳಿದು ಬಂದ ಎಷ್ಟೋ ಯೋಜನೆಗಳಿಗಿಂತ ಇದನ್ನು ನಾನು ದೊಡ್ಡದೆಂದು ಎಣಿಸುತ್ತೇನೆ.

2016ರ ಸುಮಾರಿಗೆ ಎರಡು ಸಂಗತಿ ಒಟ್ಟಿಗೆ ಬಂದವು. ಆ ವರ್ಷ ಸೆಪ್ಟೆಂಬರಿನಲ್ಲಿ ಜಿಯೋ ಶುರುವಾಗಿ ಇಂಟರ್ನೆಟ್ ದರ ಕುಸಿಯಿತು. ಇನ್ನೊಂದು ಕಡೆ ಶಿಕ್ಷಣ ಇಲಾಖೆ ವಿದ್ಯಾರ್ಥಿ ಸಾಧನೆ ಗುರುತಿಸುವ ವ್ಯವಸ್ಥೆ, ಅಂದರೆ ಎಲ್ಲರೂ ‘ಸ್ಯಾಟ್ಸ್’ ಎನ್ನುವ ವ್ಯವಸ್ಥೆಯನ್ನು ತಂದಿತು. ಒಂದನೇ ತರಗತಿಗೆ ಸೇರಿದ ಮಗುವಿಗೆ ಒಂದು ಸಂಖ್ಯೆ. ಮಗು ಹೊಸಕೋಟೆಯಿಂದ ದೇವನಹಳ್ಳಿಗೆ ಹೋದರೂ ಸಂಖ್ಯೆ ಅದೇ, ಟಿ.ಸಿ. ಅದರಿಂದಲೇ, ಎಸ್‌ಎಸ್‌ಎಲ್‌ಸಿ ನೋಂದಣಿಯೂ ಅದರಿಂದಲೇ. ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯ. ಇಟ್ಟಿಗೆ ಗೂಡಿಗೆ, ಕೋಳಿ ಫಾರಂಗೆ, ದ್ರಾಕ್ಷಿ ತೋಟಕ್ಕೆ, ವಿಮಾನ ನಿಲ್ದಾಣದ ಸುತ್ತಲ ಕಟ್ಟಡ ಕೆಲಸಕ್ಕೆ ಬಂದ ಕುಟುಂಬಗಳ ಮಕ್ಕಳು ವರ್ಷದ ನಡುವೆ ಬರುತ್ತಾರೆ, ಹೇಳದೆ ಹೋಗುತ್ತಾರೆ. ಮೊದಲು ಅಂಥ ಮಗು ಒಂದು ಹಾಜರಿ ಪುಸ್ತಕದಿಂದ ಬಿದ್ದರೆ ಇನ್ನೊಂದರಲ್ಲಿ ಎದ್ದಿತೋ ಇಲ್ಲವೋ ತಿಳಿಯುವ ದಾರಿಯೇ ಇರಲಿಲ್ಲ. ಈಗ ರಾಜ್ಯದೊಳಗಾದರೂ ಹುಡುಕಬಹುದು.

ಆ ಸಂಖ್ಯೆಯ ಮೇಲೆಯೇ ಈಗ ವಿದ್ಯಾರ್ಥಿವೇತನವೂ ನಿಂತಿದೆ. ಮೊದಲು ಫಾರಂ ತುಂಬಿ, ಜಾತಿ ಆದಾಯ ಪ್ರಮಾಣಪತ್ರದ ಜೆರಾಕ್ಸ್ ಲಗತ್ತಿಸಿ, ಕಚೇರಿಯಿಂದ ಕಚೇರಿಗೆ ಕಾಯಬೇಕಿತ್ತು. ಈಗ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ ಸ್ಯಾಟ್ಸ್ ಸಂಖ್ಯೆ ಹಾಕಿದರೆ ಮಗುವಿನ ವಿವರ ತಾನೇ ಬರುತ್ತದೆ, ನಾಡಕಚೇರಿಯ ಆರ್.ಡಿ. ಸಂಖ್ಯೆ ಹಾಕಿದರೆ ಜಾತಿ, ಆದಾಯ ಬರುತ್ತದೆ, ಹಣ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ ನೇರ. ನಾಲ್ಕು ಬೇರೆ ಬೇರೆ ಇಲಾಖೆಗಳ ಕಂಪ್ಯೂಟರುಗಳು ಒಂದರೊಡನೊಂದು ಮಾತಾಡುತ್ತವೆ. ಮಾತು ತಪ್ಪುವುದು ಹೆಸರಿನ ಹತ್ತಿರ. ನಮ್ಮ ಕಡೆ ಮುನಿರಾಜು, ಮುನಿಯಪ್ಪ, ಮುನಿಲಕ್ಷ್ಮಮ್ಮ ಮನೆಗೊಬ್ಬರು. ಶಾಲೆಯಲ್ಲಿ ಅಪ್ಪನ ಹೆಸರಿನ ಮೊದಲಕ್ಷರ ಮುಂದೆ, ಆಧಾರ್‌ನಲ್ಲಿ ಹಿಂದೆ, ಬ್ಯಾಂಕಿನಲ್ಲಿ ಅದೂ ಇಲ್ಲ. ಇಂಗ್ಲಿಷಿನಲ್ಲಿ ಒಂದು ಕಡೆ ಒಂದು ‘ಎ’, ಇನ್ನೊಂದು ಕಡೆ ಎರಡು ‘ಎ’. ಮನುಷ್ಯರಾದರೆ ನೋಡಿ ‘ಇವನೇ ಅವನು’ ಎನ್ನುತ್ತಾರೆ. ಯಂತ್ರಕ್ಕೆ ಇಬ್ಬರು ಬೇರೆ ಬೇರೆ, ವಿದ್ಯಾರ್ಥಿವೇತನ ನಿಂತಿತು. ಕೂಲಿ ಬಿಟ್ಟು ಆಧಾರ್ ತಿದ್ದುಪಡಿಗೆ ಸಾಲು ನಿಲ್ಲುವ ತಾಯಂದಿರಿಗೆ ಕ್ಲೌಡ್‌ನ ಲಾಭ ಹೇಳಲು ನನಗೆ ಬಾಯಿ ಬರುವುದಿಲ್ಲ. ಇದಕ್ಕೆ ಪರಿಹಾರ ದೊಡ್ಡ ಕಂಪ್ಯೂಟರಿನಲ್ಲಿಲ್ಲ. ಒಂದನೇ ತರಗತಿಗೆ ಸೇರಿಸುವ ದಿನ ಅಕ್ಷರ ಅಕ್ಷರ ಹೋಲಿಸಿ ಬರೆದುಕೊಳ್ಳುವ ಮೇಡಂ ಕೈಯಲ್ಲಿದೆ.

ಪಾಠದ ಕಡೆಗೆ ಬಂದರೆ, 2017ರ ಶಿಕ್ಷಕರ ದಿನಾಚರಣೆಯಂದು ಕೇಂದ್ರ ಸರ್ಕಾರ ‘ದೀಕ್ಷಾ’ ವೇದಿಕೆಯನ್ನು ಶುರುಮಾಡಿತು. ಅದರ ಅಡಿಪಾಯವಾದ ಸನ್‌ಬರ್ಡ್ ಎಂಬ ಮುಕ್ತ ತಂತ್ರಾಂಶ ತಯಾರಾದದ್ದು ಬೆಂಗಳೂರಿನ ಏಕ್‌ಸ್ಟೆಪ್ ಪ್ರತಿಷ್ಠಾನದಲ್ಲಿ. ನಮ್ಮ ರಾಜ್ಯದ ಪಠ್ಯಪುಸ್ತಕಗಳಲ್ಲಿ ಪಾಠದ ಪಕ್ಕ ಕಪ್ಪು ಬಿಳುಪು ಚೌಕಗಳು, ಕ್ಯೂಆರ್ ಕೋಡ್‌ಗಳು ಬಂದವಲ್ಲ, ಅದನ್ನು ಮೊಬೈಲಿನಲ್ಲಿ ಹಿಡಿದರೆ ಆ ಪಾಠದ ವಿಡಿಯೋ ತೆರೆಯುವುದು ದೀಕ್ಷಾದಿಂದಲೇ. ರಾತ್ರಿ ಹತ್ತಕ್ಕೆ ಬೇಕಾದರೂ ನೋಡಬಹುದು, ಅರ್ಥವಾಗದಿದ್ದರೆ ಮತ್ತೆ ನೋಡಬಹುದು, ನೆಟ್ ಇರುವಾಗ ಇಳಿಸಿಕೊಂಡು ಇಲ್ಲದಾಗ ನೋಡಬಹುದು. ಎಜುಸ್ಯಾಟ್‌ಗೆ ಇದಾಗುತ್ತಿರಲಿಲ್ಲ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಇದೆಲ್ಲದರ ಪರೀಕ್ಷೆಯಾಯಿತು. ನಗರದ ಶಾಲೆಗಳು ಒಂದೆರಡು ತಿಂಗಳಲ್ಲಿ ಆನ್‌ಲೈನ್ ತರಗತಿಗೆ ಹೋದವು. ನಮ್ಮ ಹಳ್ಳಿಗಳಲ್ಲಿ ಮನೆಗೊಂದು ಫೋನ್, ಅದು ಅಪ್ಪನ ಜೇಬಿನಲ್ಲಿ, ಅಪ್ಪ ಕೆಲಸಕ್ಕೆ. ಇಲಾಖೆ ಆ ಆಗಸ್ಟ್‌ನಲ್ಲಿ ತಂದ ವಿದ್ಯಾಗಮ ಕಾರ್ಯಕ್ರಮದಲ್ಲಿ ಮಕ್ಕಳನ್ನು ಮೂರು ಗುಂಪು ಮಾಡಲಾಯಿತು: ಯಾವ ಸಾಧನವೂ ಇಲ್ಲದವರು, ಮೊಬೈಲ್ ಇದ್ದೂ ಇಂಟರ್ನೆಟ್ ಇಲ್ಲದವರು, ಎರಡೂ ಇರುವವರು. ಆ ವಿಂಗಡಣೆ ಪ್ರಾಮಾಣಿಕವಾಗಿತ್ತು. ಮೇಷ್ಟ್ರು ಮೇಡಂಗಳು ದೇವಸ್ಥಾನದ ಜಗಲಿ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ಮಾಡಿದರು. ಜುಲೈನಿಂದ ಚಂದನ ವಾಹಿನಿಯಲ್ಲಿ ‘ಸಂವೇದ’ ಪಾಠಗಳು ಬಂದವು. ಕ್ಲೌಡ್ ಕಂಪನಿಯಲ್ಲಿ ಸಂಬಳ ತೆಗೆದುಕೊಳ್ಳುವ ನಾನು ಹೇಳುತ್ತೇನೆ, ಆ ವರ್ಷ ನಮ್ಮೂರ ಮಕ್ಕಳನ್ನು ಅಕ್ಷರದ ಜೊತೆ ಹಿಡಿದಿಟ್ಟದ್ದು ಅರಳಿಕಟ್ಟೆ ಮತ್ತು ಟಿ.ವಿ. ಕ್ಲೌಡ್ ಮೂರನೆಯದು.

ಕಾಲೇಜುಗಳಲ್ಲಿ ಲಾಭ ಇನ್ನೂ ನೇರವಾಗಿದೆ, ಬೇಗ ಹೇಳಿ ಮುಗಿಸುತ್ತೇನೆ. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ 2003ರಲ್ಲಿ ಶುರುಮಾಡಿದ ಎನ್‌ಪಿಟಿಇಎಲ್ ಪಾಠಗಳನ್ನು ನಾವು ಬಿ.ಇ. ಓದುವಾಗ ಹಾರ್ಡ್ ಡಿಸ್ಕ್‌ನಿಂದ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿಕೊಂಡು ನೋಡುತ್ತಿದ್ದೆವು. ಇಂದು ಅದು ಫೋನಿನಲ್ಲಿದೆ. ದುಬಾರಿ ಸಾಫ್ಟ್‌ವೇರ್ ನಡೆಸಬಲ್ಲ ಕಂಪ್ಯೂಟರ್ ಇಲ್ಲದ ಕಾಲೇಜಿನ ವಿದ್ಯಾರ್ಥಿಯೂ ಬ್ರೌಸರ್ ತೆರೆದು ಪ್ರೋಗ್ರಾಂ ಬರೆಯಬಹುದು, ಲೆಕ್ಕ ನಡೆಯುವುದು ಬೇರೆಲ್ಲೋ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಡಿಜಿಲಾಕರ್‌ನಲ್ಲಿ ಸಿಗುತ್ತದೆ. ನಮ್ಮ ಕಾಲದಲ್ಲಿ ಫಲಿತಾಂಶಕ್ಕೆ ದೊಡ್ಡಬಳ್ಳಾಪುರದ ಬ್ರೌಸಿಂಗ್ ಸೆಂಟರಿನಲ್ಲಿ ಸಾಲು ನಿಂತು, ಡಯಲ್‌ಅಪ್ ಲೈನಿನಲ್ಲಿ ಒಂದು ಪುಟ ತೆರೆಯಲು ನಿಮಿಷಗಟ್ಟಲೆ ಬೆವರುತ್ತಿದ್ದೆವು. ವರ್ಷದಲ್ಲಿ ಒಂದೇ ದಿನ ಲಕ್ಷಾಂತರ ಮಕ್ಕಳು ಒಂದೇ ಪುಟ ಕೇಳುವ ಕೆಲಸಕ್ಕೆ ವರ್ಷವಿಡೀ ಅಷ್ಟು ದೊಡ್ಡ ಯಂತ್ರ ಇಟ್ಟುಕೊಳ್ಳಬೇಕಿಲ್ಲ, ಅಂದಿಗೆ ಮಾತ್ರ ಹೆಚ್ಚಿಸಿಕೊಳ್ಳಬಹುದು ಎಂಬುದೇ ಕ್ಲೌಡ್‌ನ ದೊಡ್ಡ ಗುಣ. ಹಬ್ಬದ ಹತ್ತು ಸೇರು.

ಪುಕ್ಕಟೆ ಎಂಬುದರ ಬಗ್ಗೆ ಒಂದು ಎಚ್ಚರಿಕೆ. ಗೂಗಲ್ ತನ್ನ ಶಿಕ್ಷಣ ಸೇವೆಯಲ್ಲಿ ಸಂಸ್ಥೆಗಳಿಗೆ ಮಿತಿಯಿಲ್ಲದ ಜಾಗ ಕೊಡುತ್ತಿತ್ತು. ಕೋವಿಡ್ ಕಾಲದಲ್ಲಿ ಎಷ್ಟೋ ಕಾಲೇಜುಗಳು ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿ ಅಲ್ಲಿ ತುಂಬಿದವು. 2021ರಲ್ಲಿ ಕಂಪನಿ ಒಂದು ಸಂಸ್ಥೆಗೆ 100 ಟೆರಾಬೈಟ್ ಮಾತ್ರ ಎಂದು ಘೋಷಿಸಿ, 2022ರ ಜುಲೈನಿಂದ ಜಾರಿಗೆ ತಂದಿತು. ನಮ್ಮಂಥ ಹೈಸ್ಕೂಲಿಗೆ 100 ಟೆರಾಬೈಟ್ ಸಮುದ್ರ. ದೊಡ್ಡ ವಿಶ್ವವಿದ್ಯಾಲಯಗಳು ಯಾವುದನ್ನು ಅಳಿಸುವುದು ಎಂದು ಕೂತು ಲೆಕ್ಕ ಹಾಕಿದವು. ಮಿಷನ್ನು ಅವರದು, ದರವೂ ಅವರದೇ.

ಇನ್ನೂ ಗಂಭೀರವಾದದ್ದು ಮಕ್ಕಳ ಮಾಹಿತಿಯದು. 2023ರ ಜನವರಿಯಲ್ಲಿ ‘ವೈರ್ಡ್’ ಪತ್ರಿಕೆ ಒಂದು ವರದಿ ಪ್ರಕಟಿಸಿತು. ದೀಕ್ಷಾದ ಮಾಹಿತಿ ಇದ್ದ ಒಂದು ಕ್ಲೌಡ್ ಸರ್ವರ್‌ಗೆ ಬೀಗವೇ ಹಾಕಿರಲಿಲ್ಲ; ಹತ್ತು ಲಕ್ಷಕ್ಕೂ ಹೆಚ್ಚು ಶಿಕ್ಷಕರ ಹೆಸರು, ಫೋನ್ ಸಂಖ್ಯೆ, ಇಮೇಲ್ ಹೊರಗಿನವರಿಗೆ ಕಾಣುವಂತಿತ್ತು, ಲಕ್ಷಾಂತರ ವಿದ್ಯಾರ್ಥಿಗಳ ವಿವರವೂ ಭಾಗಶಃ ಇತ್ತು. ಶಾಲೆಯ ಬೀರುವಿನ ಬೀಗ ಒಡೆದರೆ ಒಂದು ಶಾಲೆಯ ವಹಿ ಹೋಗುತ್ತದೆ. ಅಲ್ಲಿ ಬೀಗ ಮರೆತರೆ ದೇಶದ ವಹಿ ತೆರೆದುಕೊಳ್ಳುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಬಂದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 18 ವರ್ಷದೊಳಗಿನವರೆಲ್ಲ ಮಕ್ಕಳೆಂದೂ, ಅವರ ಮಾಹಿತಿ ಬಳಸಲು ತಂದೆತಾಯಿಯ ಒಪ್ಪಿಗೆ ಬೇಕೆಂದೂ ಹೇಳಿದೆ. ಎಸ್‌ಡಿಎಂಸಿ ಸಭೆಯಲ್ಲಿ ಕೊಳಾಯಿ, ಕಾಂಪೌಂಡಿನ ಜೊತೆ ಈ ಮಾತನ್ನೂ ಎತ್ತುವ ಕಾಲ ಬಂದಿದೆ: ಮಕ್ಕಳ ಫೋಟೋ, ಫೋನ್ ಸಂಖ್ಯೆ ಯಾವ ಯಾವ ಆ್ಯಪ್‌ಗೆ ಹೋಗುತ್ತಿದೆ, ಏಕೆ ಹೋಗುತ್ತಿದೆ?

ಸ್ಯಾಟ್ಸ್ ಬರುವ ಮೊದಲಿನ ನಾಲ್ಕು ದಶಕಗಳ ವಹಿಗಳು ಇನ್ನೂ ಕಾಗದದಲ್ಲೇ ಇವೆ. ಆ ಪುಟಗಳನ್ನು ಮೊಬೈಲಿನಲ್ಲಿ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿಬಿಡೋಣ ಎಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಉತ್ಸಾಹ ತೋರಿಸಿದ್ದಾರೆ. ಉತ್ಸಾಹ ಒಳ್ಳೆಯದು, ದಾರಿ ಅದಲ್ಲ. ಆ ಪುಟಗಳಲ್ಲಿ ಜಾತಿ ಇದೆ, ತಂದೆಯ ಕಸುಬು ಇದೆ, ಕೆಲವರ ಹೆಸರಿನ ಮುಂದೆ ಶಾಲೆ ಬಿಟ್ಟ ಕಾರಣವೂ ಇದೆ. ‘ಮದುವೆ’ ಎಂದು ಒಂಬತ್ತನೇ ತರಗತಿಯ ಹುಡುಗಿಯ ಮುಂದೆ ಬರೆದಿರುವುದನ್ನು ಇಂದು ಮೊಮ್ಮಕ್ಕಳಿರುವ ಆಕೆ ಊರಿಗೆಲ್ಲ ಹಂಚಬೇಕೆಂದು ಬಯಸಿಯಾರೇ? ನನ್ನ ಸಲಹೆ ಹೀಗಿದೆ. ಮುಖ್ಯೋಪಾಧ್ಯಾಯರ ಲಿಖಿತ ಅನುಮತಿ ಪಡೆದು, ಶಾಲೆಯಲ್ಲೇ ಕೂತು, ವಹಿ ಹೊರಗೆ ಹೋಗದಂತೆ ಸ್ಕ್ಯಾನ್ ಮಾಡುವುದು. ಒಂದು ಪ್ರತಿ ಶಾಲೆಯ ಹಾರ್ಡ್ ಡಿಸ್ಕ್‌ನಲ್ಲಿ, ಒಂದು ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ, ಒಂದು ಶಾಲೆಯ ಹೆಸರಿನಲ್ಲೇ ತೆಗೆದ ಕ್ಲೌಡ್ ಖಾತೆಯಲ್ಲಿ. ಖಾತೆ ಯಾವ ಹಳೆಯ ವಿದ್ಯಾರ್ಥಿಯ ಹೆಸರಿನಲ್ಲೂ ಇರಬಾರದು, ನನ್ನದಂತೂ ಬೇಡವೇ ಬೇಡ. ಮುಖ್ಯೋಪಾಧ್ಯಾಯರು ವರ್ಗವಾದಾಗ ಬೀರುವಿನ ಚಾವಿಯ ಜೊತೆ ಪಾಸ್‌ವರ್ಡೂ ಪ್ರಭಾರ ಪಟ್ಟಿಯಲ್ಲಿ ಸಹಿಯಾಗಿ ಕೈ ಬದಲಾಗಬೇಕು. ಕಾಗದದ ವಹಿಯನ್ನು ಸ್ಕ್ಯಾನ್ ಆಯಿತೆಂದು ಹಿತ್ತಲಿಗೆ ಹಾಕಬಾರದು. ಎಲ್ಲರಿಗೂ ತೆರೆದಿಡುವ ಪಟ್ಟಿಯಲ್ಲಿ ಹೆಸರು, ಊರು, ಎಸ್‌ಎಸ್‌ಎಲ್‌ಸಿ ವರ್ಷ ಇಷ್ಟೇ ಇದ್ದರೆ ಸಾಕು, ಅದೂ ಒಪ್ಪಿದವರದ್ದು ಮಾತ್ರ. ಸ್ಕ್ಯಾನರ್ ಒಂದು ನನ್ನ ಬಳಿ ಇದೆ, ಎರಡು ಶನಿವಾರ ಬಿಡುವೂ ಇದೆ. ಕೈಬರಹ ಓದಬಲ್ಲ ನಿವೃತ್ತ ಮೇಷ್ಟ್ರು ಒಬ್ಬರು ಜೊತೆಗೆ ಬೇಕು, ಏಕೆಂದರೆ ಮೊದಲ ವಹಿಯ ಶಾಯಿ ಆಗಲೇ ಮಾಸಿದೆ.